ಝರೆಪ್ಪ ವಕೀಲರ ಮಿಸಲು

ಬೀದರ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ
ಕೆಂಪು ಬಟ್ಟೆಯ ಗಂಟು ಬಿಚ್ಚಿ, ದೂಳು ಹೊಡೆದು
ಸ್ಕ್ಯಾನಿಂಗಿಗೆ ಕಳಿಸುವುದು ನನ್ನ ಕೆಲಸ.
ದಿನಕ್ಕೆ ನಲವತ್ತು ಮಿಸಲು. ಓದುವುದು ಕೆಲಸವಲ್ಲ.

ಆದರೂ ಒಂದು ಸಹಿ ಮತ್ತೆ ಮತ್ತೆ ಸಿಗುತ್ತದೆ.
ಫಾರ್ಸಿಯ ಬಳ್ಳಿ ಹಬ್ಬಿದ ಹಾಳೆಯ ಮೂಲೆಗೆ
ಮೂರಕ್ಷರ ಕನ್ನಡ,
ಹೊಸ್ತಿಲಾಚೆ ಬಿಟ್ಟ ಚಪ್ಪಲಿಯ ಹಾಗೆ:
ಝರೆಪ್ಪ.

ಬಾರ್ ರೂಮಿನ ಮುದುಕರು ಹೇಳುವುದು ಇಷ್ಟು.
ಗಾಣದವರ ಮಗ. ಸಿಡಿಲು ಬಡಿದ ಮದರಸಾದ ನೆರಳಲ್ಲಿ
ಮೌಲ್ವಿಯ ದೀಪಕ್ಕೆ ಪಾವು ಕುಸುಬಿ ಎಣ್ಣೆ ಸುರಿದು
ಅದು ಆರುವ ತನಕ ಅಲಿಫ್ ಬೆ ತಿದ್ದಿದ.
ಅವನ ವಾದ ಕಕ್ಷಿದಾರರಿಗೇ ತಿಳಿಯುತ್ತಿರಲಿಲ್ಲ;
ಮುಖ ನೋಡುತ್ತಿದ್ದರು,
ಗೆಲ್ಲುತ್ತಿದ್ದೇವೋ, ಸೋಲುತ್ತಿದ್ದೇವೋ.
ಐವತ್ತು ದಾಟಿದ ಮೇಲೆ ಫರ್ಮಾನು ಬಂತು:
ಇನ್ನು ಫಾರ್ಸಿ ಇಲ್ಲ, ಉರ್ದು.
ಬಜಾರಿನಲ್ಲಿ ಜಗಳಾಡಿದ ಮಾತಿಗೇ
ಇಸ್ತ್ರಿ ಹಾಕಿ ಕೋರ್ಟಿಗೆ ತೊಡಿಸಿಕೊಂಡು ಹೋದ.

ಊರ ಕಮಿಟಿಗೆ ಮೆಂಬರೂ ಆದ, ಮೂರು ವರ್ಷ.
ಸಮಗಾರ ಓಣಿಗೆ ಸುರಂಗಬಾವಿಯ ನೀರು ಬಿಡಿ ಎಂದು
ಕೈ ಎತ್ತಿದ. ಒಂಬತ್ತು ಮಂದಿಯಲ್ಲಿ ಅದೊಂದೇ ಕೈ.
‘ಎಣ್ಣಿ ಕೈ, ಜಾರ್ತದ ಬಿಡ್ರಿ’ ಅಂತ ನಕ್ಕರಂತೆ.
ಮರುವರ್ಷ ಪಟ್ಟಿಯಲ್ಲಿ ಅವನ ಹೆಸರಿಲ್ಲ.

ನಿನ್ನೆ ಸಿಕ್ಕಿದ್ದು ಒಂದು ಬಾವಿ ತಕರಾರು.
ರಿಟೈರಾದ ಉರ್ದು ಮಾಸ್ತರು ಖಮರುದ್ದೀನ್ ಸಾಬರನ್ನು ಕರೆಸಿದೆ.
ಸರಾಗ ಓದುತ್ತ ಬಂದವರು ಜಬಾನಿಯ ನಡುವೆ ತಡೆದರು.
‘ಈ ಸಾಲು ಉರ್ದು ಅಲ್ರಿ. ಫಾರ್ಸಿನೂ ಅಲ್ಲ.
ಅಕ್ಷರ ನಮ್ದೇ, ಮಾತು ಸಿಗವಲ್ದು.’
ಕನ್ನಡಕ ಒರೆಸಿದರು.
ಬ್ಯಾಳಿಯಲ್ಲಿ ಹರಳು ಆರಿಸುವಂತೆ ಒಂದೊಂದೇ ಎತ್ತಿದರು:
ನೀ… ರಿ… ಗಿ…
ಕಾ… ಗ… ದ…

ಬಾಗಿಲ ಬಳಿ ಕಸ ಗುಡಿಸುತ್ತಿದ್ದ ಸರುಬಾಯಿ
ತಲೆ ಎತ್ತದೆಯೇ ಅಂದಳು:
‘ನೀರಿಗಿ ಎಲ್ಲಿ ಕಾಗದ ಇರ್ತಾವ್ರಿ, ಸಾಹೇಬ್ರೆ?
ಯಾರ್ ಕೇಳಲತ್ತಾರ?’

ಹೌದು, ಅದೇ ಇತ್ತು, ಅಕ್ಷರಕ್ಕೆ ಅಕ್ಷರ.
ಕೆಳಗೆ ಯಾವಳೋ ಒಬ್ಬಳ ಹೆಬ್ಬೆಟ್ಟು,
ಅದಕ್ಕೆ ಒತ್ತಿಕೊಂಡು ಮೂರಕ್ಷರ.
ತೀರ್ಪಿನ ಹಾಳೆ ಗೆದ್ದಲಿಗೆ ಹೋಗಿದೆ.

ಕಂಪ್ಯೂಟರಿನ ಹುಡುಗ ಕೇಳಿದ,
‘ಭಾಷಾ ಅನ್ನೋ ಕಾಲಮ್ಮಿಗಿ ಏನ್ ಹಾಕ್ಲಿ ಸರ್?’
ಮಾಸ್ತರು ನನ್ನ ಮುಖ ನೋಡಿದರು.
ಸರುಬಾಯಿ, ದೂಳು ಭಾಳ ಏಳ್ತದ ಅಂತ,
ನೆಲಕ್ಕೆ ನೀರು ಚಿಮುಕಿಸುತ್ತಿದ್ದಳು.