ಹುಲಿಕಟ್ಟು

ಹಲಸೂರು ಕೆರೆಯ ಹಿಂದಿನ ಸಣ್ಣ ಮಂಟಪದಲ್ಲಿ
ಯಾರೋ ಯಾವಾಗಲೋ ಕಲ್ಲಿನಲ್ಲಿ ಕೊರೆದ ಮನೆ.
ಮೂರು ಹುಲಿ, ಹದಿನೈದು ಆಡು.
ಹುಲಿಗೆ ನನ್ನ ಹಳೇ ಸಮವಸ್ತ್ರದ ಹಿತ್ತಾಳೆ ಗುಂಡಿ,
ಆಡಿಗೆ ಪಿಳ್ಳಮ್ಮನ ಸೆರಗಿನ ಗಂಟಿನ ಹುಣಸೆ ಬೀಜ.

ಇಪ್ಪತ್ತೆಂಟು ವರ್ಷ ಸ್ಯಾಪರ್ ಆಗಿದ್ದೆ.
ಕೊನೆಯ ಮೂರು ವರ್ಷ ಹುಡುಗರಿಗೆ ಪಾಠ.
ಕರಿಹಲಗೆಯ ಈ ಕಡೆ ಟ್ಯಾಂಕು, ಆ ಕಡೆ ಒಂದು ಹವಾಯಿ ಚಪ್ಪಲಿ,
ನಡುವೆ ಸಮ ಚಿಹ್ನೆ ಹಾಕಿ ಅಡ್ಡ ಗೀಟು.
ಅಸಮ ಯುದ್ಧ, ಬರೆದುಕೊಳ್ಳಿ.
ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟವನನ್ನು ಕಂಡು ನಗುತ್ತೀರಲ್ಲ,
ಗುಬ್ಬಿಗೆ ಬೇಕಾಗಿದ್ದೂ ಅದೇ.
ಅಸ್ತ್ರದ ಬೆಲೆ ವಿಚಾರಿಸಿ. ಆಮೇಲೆ ಗುಬ್ಬಿಯದು.
ಹುಡುಗರು ನಗುತ್ತಲೇ ಬರೆದುಕೊಳ್ಳುತ್ತಿದ್ದರು.

ಒಂದು ಟಿಫಿನ್ ಡಬ್ಬಿಗಾಗಿ ನಾಲ್ಕು ಗಂಟೆ
ಮಣ್ಣಿಗೆ ಹೊಟ್ಟೆ ಕೊಟ್ಟು ಮಲಗಿದ್ದನ್ನು ಹೇಳಲಿಲ್ಲ.
ಅದನ್ನು ಹೂತವನಿಗೆ ಅರ್ಧ ಗಂಟೆ ಹಿಡಿದಿತ್ತೋ ಏನೋ.

ಪಿಳ್ಳಮ್ಮ ಹೂವು ಮಾರುತ್ತಾಳೆ. ಅವಳ ಮೊಳ ಗಿಡ್ಡ.
ಗಿರಾಕಿ ಜಗಳಕ್ಕೆ ನಿಂತರೆ ಮೊಣಕೈ ಚಾಚುತ್ತಾಳೆ:
"ದೇವ್ರು ಕೊಟ್ಟಿದ್ದು ಇಷ್ಟೇ ಕಣಪ್ಪ,
ನಿನ್ ಕೈಯಳತೆ ಬೇಕಂದ್ರೆ ನೀನೇ ಕೂತ್ಕೊಂಡು ಕಟ್ಟು."

ನಾನು ಯಾವಾಗಲೂ ಹುಲಿ.
ಒಂದನ್ನು ಹಾರಿ ತಿಂದೆ. ಎರಡು. ಮೂರು.
ಅವಳು ಹೋದ ಬೀಜದ ಕಡೆ ನೋಡುವುದೂ ಇಲ್ಲ,
ಕನಕಾಂಬರ ಕಟ್ಟುತ್ತಲೇ ಮೂಲೆಗೊಂದು ಇಡುತ್ತಾಳೆ,
ದಾರ ಹಲ್ಲಲ್ಲಿ ಕಚ್ಚಿ ಇನ್ನೊಂದು.
ನಾನು ತಿಂದದ್ದು ಎಣಿಸುತ್ತಿದ್ದೇನೆ,
ಅವಳು ಖಾಲಿ ಮನೆ ಎಣಿಸುತ್ತಿದ್ದಾಳೆ.
ಒಂದೇ ಕಲ್ಲು, ಎರಡು ಆಟ.
ಮೆಟ್ರೊ ಹೋದ ಸದ್ದಿಗೆ ತಲೆಯೆತ್ತಿ ಮತ್ತೆ ನೋಡಿದರೆ
ನನ್ನ ಗುಂಡಿಗಳು ಹಾಗೇ ಥಳಥಳ,
ಗಾಯವಿಲ್ಲ, ಗೀರೂ ಇಲ್ಲ,
ಕದಲಲು ಜಾಗವಿಲ್ಲ.

ಇವತ್ತು ಕೇಳಿದೆ: ಆಡು ನನಗೆ ಕೊಡು.
ಇಡೋದು ಗೊತ್ತು, ಕಟ್ಟೋದು ಗೊತ್ತು,
ಹಲಗೆ ತುಂಬ ಬರೆದವನಲ್ಲವೆ ನಾನು.
ಮೊದಲನೆಯದನ್ನು ಅವಳು ತಿಂದಳು.
ಎರಡನೆಯದನ್ನು ಹುಲಿಯ ಬಾಯಿಗಿಟ್ಟರೆ
ಎಡಗಡೆಯ ದಾರಿ ಪೂರ್ತಿ ಮುಚ್ಚುತ್ತದೆ, ಕಾಣುತ್ತಿದೆ.
ಕೈ ಅಲ್ಲೇ ನಿಂತಿತು.
ಇನ್ನೆಲ್ಲೋ ಇಟ್ಟೆ. ಅದೂ ಹೋಯಿತು, ಅದರ ಪಕ್ಕದ್ದೂ.

"ನಿಮಗೆ ಕಳ್ಕೊಳೋಕೆ ಬರಲ್ಲ ಸುಬೇದಾರ್ರೆ,"
ಎಂದಳು, ಬೈಗುಳದಂತೇನಲ್ಲ,
ನೂಲು ಸಾಲದು ಎಂದು ಹೇಳುವ ಹಾಗೆ.

ಕತ್ತಲಾಯಿತು. ಬೀಜ ಬಾಚಿ ಸೆರಗಿಗೆ ಕಟ್ಟುವಾಗ
ಎಣಿಸಿದಳು. ನಾನು ಕಂಡಂತೆ ಎಂದೂ ಎಣಿಸಿದವಳಲ್ಲ.
ಹದಿನಾಲ್ಕು.
ಒಂದು ನನ್ನ ಮುಷ್ಟಿಯಲ್ಲಿ ಬೆವೆತಿತ್ತು.