ಗಂಟೆ ಬಾರಿಸುವ ಜಾಗ

ಮಿರಜಿನ ಸಿತಾರದವರ ಓಣಿಯಲ್ಲಿ
ನನ್ನ ಕೆಲಸ ಒಂದೇ, ಬುರುಡೆ ಕೊಯ್ಯುವುದು.
ಭೀಮೆಯ ದಂಡೆಯಿಂದ ಟೆಂಪೋದಲ್ಲಿ ಬರುತ್ತವೆ
ಒಣಗಿದ ಸೋರೆ, ಒಳಗೆ ಬೀಜ ಗಲಗಲ.
ಬೆರಳ ಗಣ್ಣಿನಿಂದ ತಟ್ಟಿ ನೋಡುತ್ತೇನೆ:
ಇದು ತಂಬೂರಿಗೆ, ಇದು ಸಿತಾರಕ್ಕೆ,
ಇದು ಬರೀ ಒಲೆಗೆ.

ಕರೆಂಟು ಹೋದ ಒಂದು ಮಧ್ಯಾಹ್ನ
ಸಾಂಗಲಿ ಕಾಲೇಜಿನ ಹುಡುಗನೊಬ್ಬ ಬಂದ.
ಊರು ಗ್ಯಾಂಬಿಯಾ ಅಂದ, ಹೆಸರು ಕೆಬ್ಬಾ ಅಂದ,
ಬೆಡ್‌ಶೀಟಿನಲ್ಲಿ ಸುತ್ತಿ ತಂದದ್ದನ್ನು
ಜ್ವರದ ಕೂಸಿನಂತೆ ಚಾಪೆಗೆ ಇಳಿಸಿದ.

ಕೋರಾ.
ಅರ್ಧ ಬುರುಡೆ, ಅದರ ಬಾಯಿಗೆ ಬಿಗಿದ ತೊಗಲು,
ಹೊಟ್ಟೆ ಹಾಯ್ದು ನೆಟ್ಟಗೆ ನಿಂತ ಕೋಲು.
ಬಸ್ಸಿನ ಟಾಪಿನಿಂದ ಉರುಳಿ ಬಿದ್ದು
ಅಂಚಿನಿಂದ ತಳದವರೆಗೆ ಸೀಳಿತ್ತು.

ಮಾಲಕರು ದಸ್ತಗೀರಸಾಹೇಬರು ಕನ್ನಡಕ ಏರಿಸಿ ಎಣಿಸಿದರು,
ಎಡಕ್ಕೆ ಹನ್ನೊಂದು, ಬಲಕ್ಕೆ ಹತ್ತು.
"ಇಪ್ಪತ್ತೊಂದು ತಂತಿ, ಒಂದೂ ಗೂಟ ಇಲ್ಲ!
ಶ್ರುತಿ ಹೆಂಗ ಮಾಡ್ತೀಯಪಾ?"
ಹುಡುಗ ಕೋಲಿಗೆ ತೊಡಿಸಿದ ತೊಗಲಿನ ಬಳೆ ಹಿಡಿದು
ಹಿಂಡಿ ಹಿಂಡಿ ಮೇಲೆ ಸರಿಸಿ ತೋರಿಸಿದ.
ಸಾಹೇಬರು ವ್ಹಾ ಅನ್ನಲಿಲ್ಲ. ಚಹಾ ತರಿಸಿದರು.
ಅವರ ವ್ಹಾ ಅದು.

ಜಂತಿಗೆ ತೂಗುಬಿಟ್ಟ ಬುರುಡೆಗಳಲ್ಲಿ
ಒಂದನ್ನು ನಾನೇ ಇಳಿಸಿದೆ, ತಂಬೂರಿಗೆಂದು ಎತ್ತಿಟ್ಟದ್ದು.
ನೂಲು ಸುತ್ತಿ ಗುರುತು ಮಾಡಿ ಗರಗಸ ಇಟ್ಟೆ.
ಅವನು ಹಳೆಯ ತೊಗಲನ್ನು ಬಕೆಟ್ಟಿನಲ್ಲಿ ನೆನೆಹಾಕಿದ,
ಹೊಸ ಬುರುಡೆಗೆ ಎಳೆದು ಮೊಳೆ ಬಡಿದ.
ಒಣಗಲಿಕ್ಕೆ ಆರು ದಿನ.
ದಿನಾ ಸಂಜೆ ಬರುತ್ತಿದ್ದ,
ಮುಟ್ಟಿ, ಮೂಸಿ, ಸುಮ್ಮನೆ ಹೋಗುತ್ತಿದ್ದ.

ಏಳನೆಯ ದಿನ ನುಡಿಸಿದ.
ತಂತಿಗಳೆಲ್ಲ ಅವನ ಕಡೆ ಮುಖ ಮಾಡಿದ್ದವು,
ನಮಗೆ ಕಂಡದ್ದು ಬುರುಡೆಯ ಬೆನ್ನು ಮಾತ್ರ.
ಆಮೇಲೆ ಹೇಳತೊಡಗಿದ, ಹಾಡೂ ಅಲ್ಲ ಮಾತೂ ಅಲ್ಲ.
ಒಂದು ಪದದ ಅರ್ಥವೂ ಆಗಲಿಲ್ಲ ನನಗೆ.
ಆದರೆ ಹೆಸರಿನ ಮುಂದೆ ಉಸಿರು ತುಸು ನಿಲ್ಲುವುದು,
ಮಗ ಹುಟ್ಟಿದಲ್ಲಿ ದನಿ ಏರುವುದು,
ಕುಡಿ ಕಡಿದ ಕೊಂಬೆಯನ್ನು ಬೇಗ ದಾಟುವುದು,

ಇದನ್ನು ನನ್ನಪ್ಪ ಎತ್ತಿನ ಮೇಲೆ ಕೂತು ಮಾಡುತ್ತಿದ್ದ.
ಹೆಳವರು ನಾವು.
ಜತ್ತಿನಲ್ಲಿ, ಕಾಗವಾಡದಲ್ಲಿ, ಕೋಳಿ ಕೂಗುವ ಮೊದಲೇ
ಒಕ್ಕಲು ಮನೆಗಳ ಬಾಗಿಲಲ್ಲಿ ಗಂಟೆ ಬಾರಿಸಿ
ಅವರ ಏಳು ತಲೆ ಎಣಿಸಿ ಹೇಳಿದರೆ
ಒಂದು ಮೊರ ಜೋಳ, ಒಂದು ಹಳೇ ಕಂಬಳಿ.
ಎತ್ತು ಸತ್ತ ವರ್ಷ ನಾನು ಇಲ್ಲಿಗೆ ಬಂದೆ.
ವಂಶಾವಳಿಯ ಪುಸ್ತಕ ಟ್ರಂಕಿನ ತಳದಲ್ಲಿದೆ,
ನುಸಿಗುಳಿಗೆಯ ವಾಸನೆ ಹಿಡಿದು.

"ಯಾರ ಮನಿದಪಾ ಇದು?" ಅಂದೆ.
ಪ್ರಶ್ನೆ ಕೇಳಿದ ರೀತಿಗೇ ಅವನು ನನ್ನನ್ನು ಎರಡು ಸಲ ನೋಡಿದ.
ಮುರುಕು ಹಿಂದಿಯಲ್ಲಿ ಹೇಳಿದ:
ನಮ್ಮಪ್ಪ ಹಾಡುವ ಮನೆತನದ್ದು, ಚಾಚಾ.
ಒಂಬತ್ತನೆಯ ತಲೆಯಲ್ಲಿ ಒಂದು ಹೆಸರು ಮರೆತೆ.
ಅಲ್ಲಿ ತಂತಿ ಜೋರು ಮಾಡಿದೆ,
ನಿಮಗೆ ಗೊತ್ತಾಯಿತೇ?

ನನಗೆ ನಗು ತಡೆಯಲಾಗಲಿಲ್ಲ.
ಗೊತ್ತಾಗದೆ ಏನು,
ನನ್ನಪ್ಪ ಅಲ್ಲಿ ಗಂಟೆ ಬಾರಿಸುತ್ತಿದ್ದ.

ಸಾಹೇಬರು ಬುರುಡೆಯ ದುಡ್ಡು ಮಾತ್ರ ಹಿಡಿದರು.
ಮಿಕ್ಕ ಅರ್ಧ ಹೋಳನ್ನು ನಾನು ಮನೆಗೆ ತಂದೆ,
ಬಾಳವ್ವ ಅದರಲ್ಲಿ ಜೋಳ ಅಳೆಯುತ್ತಾಳೆ.
ಕಾಳು ಬುರುಡೆಯ ತಳಕ್ಕೆ ಬಿದ್ದ ಮೊದಲ ಸದ್ದಿಗೆ
ನಾನು ಒಳಗಿನಿಂದ ತಲೆ ಎತ್ತುತ್ತೇನೆ.
"ಏನು?" ಅನ್ನುತ್ತಾಳೆ.
ಏನಿಲ್ಲ. ಯಾರದೋ ಹೆಸರು
ಬರಬೇಕಾಗಿತ್ತು ಇಲ್ಲಿ.