ಉಗುರುಬೆಚ್ಚಗೆ

ಹನ್ನೆರಡು ತಾಸು ಸಕ್ಕರೆಗೆಡ್ಡೆಯ ರಾಶಿ ಕಾಯ್ದು
ಬೂಟಿನ ತುಂಬ ಡಕೋಟದ ಕರಿಮಣ್ಣು ಹೊತ್ತು
ಬೆಳಿಗ್ಗೆ ಎಂಟೂವರೆಗೆ ಗಾಡಿಮನೆ ಹತ್ತಿ
ನಲ್ಲಿ ತಿರುಗಿಸಿದರೆ
ಉಗುರುಬೆಚ್ಚಗೆ.

ಸುಡುವುದಿಲ್ಲ, ಕೊರೆಯುವುದೂ ಇಲ್ಲ,
ಮನಸ್ಸಿಲ್ಲದವರು ಕೈ ಕುಲುಕಿದ ಹಾಗೆ.
ಪೂರಾ ತಣ್ಣಗಿದ್ದರೆ ಅದಕ್ಕೊಂದು ನ್ಯಾಯ:
ಗ್ಯಾಸ್ ಮುಗಿದಿದೆ, ಕಿಡಿ ಹತ್ತಿಲ್ಲ,
ಬಯ್ದು ಅಂಗಡಿಗೆ ಹೊರಡಬಹುದು.
ಇದು ಹಾಗಲ್ಲ. ಒಳಗೆಲ್ಲೋ ಉರಿಯಿದೆ,
ನನ್ನ ತನಕ ಬರುತ್ತಿಲ್ಲ.

ಪಕ್ಕದ ಗಾಡಿಯ ವರ್ಲಿನ್ ಡುಲೂತ್‌ನ ಆಸ್ಪತ್ರೆಯೊಂದರಲ್ಲಿ
ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡವನು.
ನಿದ್ದೆಗೆ ಮೊದಲು ದಿನಕ್ಕೊಂದು ಗಂಟೆ ಕೊಟ್ಟ.

ಮೊದಲ ದಿನ ಉರಿಯುವ ಕೊಳವೆ.
ಜೇಡಕ್ಕೆ ಗ್ಯಾಸಿನ ವಾಸನೆ ಪ್ರೀತಿಯಂತೆ,
ಒಂದು ಬಲೆ ಸಿಕ್ಕಿತು, ಜೇಡ ಸಿಗಲಿಲ್ಲ.
ಜ್ವಾಲೆ ನೀಲಿಯಾಗಿ ಗುರ್ರೆಂದಿತು.
ನೀರು ಉಗುರುಬೆಚ್ಚಗೆ.

ಎರಡನೆಯ ದಿನ ಹಂಡೆ ಬರಿದು ಮಾಡಿ
ಒಳಗಿನ ಸರಳು ಬಿಚ್ಚಿದೆವು.
ತುಕ್ಕನ್ನೆಲ್ಲ ತಾನೇ ತಿಂದು ಹಂಡೆ ಉಳಿಸುವ ಸರಳು
ಸವೆದು ಸವೆದು ತಂತಿಯಾಗಿತ್ತು.
'ಇದನ್ನು ಮಾಡಿದವನು ಹೆಂಗಸರನ್ನು ನೋಡಿದ್ದಾನೆ' ಅಂದೆ.
ವರ್ಲಿನ್ ನಗಲಿಲ್ಲ. ಅವನ ಹೆಂಡತಿ ಒಳಗೆ ಕೆಮ್ಮುತ್ತಿದ್ದಳು.
ಹೊಸ ಸರಳು, ಇಪ್ಪತ್ತು ಡಾಲರು.
ಬೊಗಸೆ ಸುಣ್ಣ ಉದುರಿತು, ಮೊಟ್ಟೆಯ ಸಿಪ್ಪೆಯಂಥದು.
ನೀರು, ಮತ್ತೆ ಹೇಳಬೇಕೇ?

ಮೂರನೆಯ ದಿನ ಮಂಚದ ಕೆಳಗೆ ತೂರಿ
ಹಂಡೆಯಿಂದ ಹೊರಡುವ ಪೈಪು ಮುಟ್ಟಿ
ಚುರ್ರೆಂದು ಕೈ ಕೊಡವಿದ ವರ್ಲಿನ್.
'ಬಿಸಿ ಕಡಿಮೆಯಾಗಿಲ್ಲ ಮಾರ್ಲಿಸ್,
ತಣ್ಣೀರು ಎಲ್ಲೋ ಕೂಡುತ್ತಿದೆ.
ಹೊರಗಿನ ಶವರ್ ಬಳಸುತ್ತೀಯಾ?'

ಅದೊಂದು ಇದೆಯೆಂದೇ ಮರೆತಿದ್ದೆ.
ಗಾಡಿಯ ಹಿಂಬದಿ, ಚಕ್ರದ ಮೇಲೆ, ಗೂಡಿನಷ್ಟು ಬಾಗಿಲು.
ನಾಯಿ ಇದ್ದಾಗ ಅದರ ಕಾಲು ತೊಳೆಯುತ್ತಿದ್ದೆ.
ತೆರೆದರೆ ಎರಡೂ ನಲ್ಲಿ ಪೂರ್ತಿ ಬಿಚ್ಚಿವೆ,
ಹಿಡಿಯ ಗುಂಡಿಯೊಂದೇ ಒತ್ತಿ ನೀರು ನಿಲ್ಲಿಸಿದೆ.
ಬಾಯಿ ಮುಚ್ಚಿದ ಆ ಕತ್ತಲಲ್ಲಿ
ಬಿಸಿಯೂ ತಣ್ಣನೆಯದೂ ಒಂದರೊಳಗೊಂದು ಹರಿದು
ಮನೆಯ ಎಲ್ಲ ನಲ್ಲಿಗೂ ಇದೇ ಸಪ್ಪೆ.

ಅಂಚಿನಲ್ಲಿ ಬೆರಳುಗುರಿನಷ್ಟು ಸೋಪು, ಹಸಿರು.
ನನ್ನದಲ್ಲ.
ಕೆಳಗೆ ನೆಲದ ಮೇಲೆ ತಟ್ಟೆಯಗಲ ಮಂಜುಗಡ್ಡೆ,
ಅದರಲ್ಲಿ ಅಚ್ಚಾಗಿ ನಿಂತ ಬರಿಗಾಲು,
ಐದು ಬೆರಳೂ ಒತ್ತಾಗಿ ಮುದುಡಿ.

ವರ್ಲಿನ್ ನೋಡಿದ. ನಾನು ನೋಡಿದೆ.
'ಬೀಗ ಹಾಕು, ನನ್ನ ಹತ್ತಿರ ಒಂದಿದೆ' ಅಂದು
ಅದನ್ನು ತರಲು ಹೋದವನು ತರಲಿಲ್ಲ.

ರಾತ್ರಿ ಎಂಟಕ್ಕೆ ಪಾಳಿ ಬದಲಾಗುವಾಗ
ಹಗಲಿನ ಹುಡುಗ ಜೇರನ್ ನನ್ನ ಕೈಗೆ ಸಲಿಕೆ ಕೊಡುತ್ತಾನೆ,
ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಮಣ್ಣು.
ಬೆಳಿಗ್ಗೆ ಎಂಟಕ್ಕೆ ತಿರುಗಿ ಇಸಿದುಕೊಳ್ಳುವಾಗ
ಕಿವಿಯ ಹಿಂದೆಯೂ ಸ್ವಚ್ಛ.
ಸಾಲಿನ ಕೊನೆಯ ತುಕ್ಕು ಕಾರಿನಲ್ಲಿ ಮಲಗುವವನು.
ಎಲ್ಲಿ ತೊಳೆದೆಯೋ ಎಂದು ಒಂದು ದಿನವಾದರೂ
ನಾನು ಯಾಕೆ ಕೇಳಲಿಲ್ಲ?

ನಲ್ಲಿಗಳೆರಡನ್ನೂ ತಿರುಗಿಸಿ ಬಿಗಿದೆ.
ಒಳಗೆ ಹೋಗಿ ಕೈ ಹಿಡಿದೆ. ಸುಟ್ಟಿತು.
ಬೈಗುಳವೊಂದು ಬಂತು, ಸಂತೋಷದ್ದು.

ಆಮೇಲೆ ಕರಿ ಮಾರ್ಕರ್ ತೆಗೆದುಕೊಂಡು
ಗೂಡಿನ ಬಾಗಿಲಿನ ಒಳಮೈಗೆ ಬರೆದೆ:
ಗುಂಡಿ ಒತ್ತಿದರೆ ಸಾಲದು.
ಎರಡೂ ನಲ್ಲಿ ಬಿಗಿಯಾಗಿ ನಿಲ್ಲಿಸು.
ಇಲ್ಲದಿದ್ದರೆ ನನಗೆ ಬಿಸಿನೀರಿಲ್ಲ.
ಹೆಸರು ಬರೆಯಲಿಲ್ಲ, ಅವನದೂ, ನನ್ನದೂ.

ಮರುದಿನ ಸಲಿಕೆ ಬದಲಾಯಿತು.
ಅವನು ಎಂದಿನಂತೆ ನೆಲ ನೋಡಿದ,
ನಾನು ಟ್ರಕ್ಕುಗಳ ಸಾಲು ನೋಡಿದೆ.
ಗಾಡಿಗೆ ಬಂದರೆ ನಲ್ಲಿಗಳು ಎಷ್ಟು ಬಿಗಿಯೆಂದರೆ
ಬಿಚ್ಚಲು ನನಗೆ ಇಕ್ಕಳ ಬೇಕಾದೀತು.
ಸಿಲಿಂಡರಿನ ಮುಳ್ಳು ಒಂದು ಗೆರೆ ಇಳಿದಿತ್ತು.
ಗೊಣಗುತ್ತಲೇ ಪಟ್ಟಿಗೆ ಸೇರಿಸಿದೆ:
ಗ್ಯಾಸ್, ಬ್ರೆಡ್ಡು, ಕಾಫಿ,
ಸೋಪು, ಹಸಿರು.